ನಾಯಿ ತೇಕುತ್ತಿದ್ದರೆ ಬಿಸಿಲನ್ನೊಂದೇ ದೂರಬೇಡಿ

ಕಲಬುರಗಿ ಬೇಸಿಗೆಯ ಮಧ್ಯಾಹ್ನ 42 ಡಿಗ್ರಿ ದಾಟುವುದುಂಟು. ನಮಗಾದರೆ ಬೆವರು ಹರಿಯುತ್ತದೆ. ನಾಯಿ ಬೆವರುವುದು ಪಾದದ ಅಡಿಯಲ್ಲಿ ಮಾತ್ರ. ನಾಲಿಗೆ ಹೊರಗೆ ಹಾಕಿ ತೇಕಿಯೇ ಅದು ಮೈ ತಂಪು ಮಾಡಿಕೊಳ್ಳಬೇಕು. ಹೊರಗೆ ಓಡಾಡಿ ಬಂದ ನಾಯಿ ನೀರು ಕುಡಿದು, ಫರಸಿ ಮೇಲೆ ಹೊಟ್ಟೆ ಹಚ್ಚಿ ಮಲಗಿ, ಸ್ವಲ್ಪ ಹೊತ್ತಿಗೆ ಸುಮ್ಮನಾದರೆ ಚಿಂತೆ ಬೇಡ.

30 ವರ್ಷದಿಂದ ನಾಯಿ ಸಾಕುತ್ತಿರುವ ನಾನೇ ಒಮ್ಮೆ ತಪ್ಪು ತಿಳಿದೆ. ಅದು ಜನವರಿ. ನಾವೆಲ್ಲ ಕೌದಿ ಹೊದ್ದು ಮಲಗಿದ್ದರೆ ನಮ್ಮ ರಾಜ ಮೂಲೆಯಲ್ಲಿ ತೇಕುತ್ತಿದ್ದ. ದಣಿವಿರಬೇಕು ಅಂತ ಎರಡು ದಿನ ಕಳೆದೆ. ಮೂರನೇ ದಿನ ತುಟಿ ಎತ್ತಿ ನೋಡಿದರೆ ಒಸಡು ಸುಣ್ಣದ ಗೋಡೆಯ ಹಾಗೆ ಬೆಳ್ಳಗಾಗಿತ್ತು. ಕಿವಿಯೊಳಗೆ ಹೆಸರುಕಾಳಿನಷ್ಟು ದಪ್ಪ ಉಣ್ಣೆಗಳು. ಉಣ್ಣೆ ಜ್ವರದಿಂದ ಮೈಯಲ್ಲಿ ರಕ್ತವೇ ಕಡಿಮೆಯಾಗಿತ್ತು. ರಕ್ತ ಕಡಿಮೆಯಾದರೆ ಎಷ್ಟು ಉಸಿರೆಳೆದರೂ ಸಾಲುವುದಿಲ್ಲ. ಔಷಧಿ ಹಿಡಿದು ಉಳಿದ, ಆದರೆ ಆ ಎರಡು ದಿನ ನೆನೆದರೆ ಇವತ್ತಿಗೂ ಕರುಳು ಚುರ್ ಅನ್ನುತ್ತದೆ.

ಅದಕ್ಕೇ ಹೇಳುತ್ತೇನೆ, ತಂಪು ಹೊತ್ತಿನಲ್ಲಿ ಸುಮ್ನೆ ಮಲಗಿದ ನಾಯಿ ತೇಕಿದರೆ ಮೊದಲು ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬಿಳಿ, ನೀಲಿ ಅಥವಾ ಇಟ್ಟಂಗಿ ಕೆಂಪಾಗಿದ್ದರೆ ಕೂಡಲೇ ಪಶು ಆಸ್ಪತ್ರೆಗೆ ಹೊರಡಿ. ಒಸಡೇ ಕಪ್ಪಗಿರುವ ನಾಯಿಗೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಗೆ ನೋಡಿ. ನಿದ್ದೆಯಲ್ಲಿದ್ದಾಗ ಉಸಿರು ಎಣಿಸಿ, ನಿಮಿಷಕ್ಕೆ 30ರೊಳಗಿರಬೇಕು. ದಿನಾ ಜಾಸ್ತಿ ಬಂದರೆ ಹೃದಯ, ಶ್ವಾಸಕೋಶ ತಪಾಸಣೆ ಮಾಡಿಸಿ.

ಪಟಾಕಿ ಸದ್ದಿನ ಹೆದರಿಕೆಗೂ ತೇಕುತ್ತವೆ, ಎಲ್ಲೋ ನೋವಿದ್ದರೂ ತೇಕುತ್ತವೆ. ಸ್ಟೀರಾಯ್ಡ್ ಮಾತ್ರೆ ನಡೆದಿದ್ದರೂ ಹಾಗೇ. ಮರಿ ಹಾಕಿ ಎರಡು ಮೂರು ವಾರವಾದ ತಾಯಿ ತೇಕುತ್ತಾ ನಡುಗಿದರೆ ಕ್ಯಾಲ್ಸಿಯಂ ಇಳಿದಿರಬಹುದು. ದೊಡ್ಡ ನಾಯಿಗೆ ಹೊಟ್ಟೆ ಉಬ್ಬಿ, ವಾಂತಿಗೆ ಒತ್ತಿದರೂ ಏನೂ ಬಾರದಿದ್ದರೆ ಹೊಟ್ಟೆ ತಿರುಚಿಕೊಂಡಿರಬಹುದು. ಇವೆರಡಕ್ಕೂ ಬೆಳಗಾಗಲಿ ಅಂತ ಕಾಯಬೇಡಿ.

ಬಿಸಿಲಿನ ಹೊಡೆತವೇ ಆಗಿ, ಅಂಟು ಜೊಲ್ಲು ಸುರಿಸಿ ತೂರಾಡುತ್ತಿದ್ದರೆ ಮೊದಲು ನೀರು ಸುರಿಯಿರಿ, ಆಮೇಲೆ ಆಟೋ ಕರೆಯಿರಿ. ಮಾಳಿಗೆ ಮೇಲಿನ ಟಾಕಿ ನೀರು ನಮ್ಮಲ್ಲಿ ಮಧ್ಯಾಹ್ನ ಸುಡುತ್ತದೆ ಅಲ್ವಾ, ಒಳಗೆ ತುಂಬಿಟ್ಟ ಕೊಡದ ನೀರೇ ಬಳಸಿ. ಹೊಟ್ಟೆ, ತೊಡೆಸಂದಿ, ಪಾದ ನೆನೆಸಿ ಫ್ಯಾನ್ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಶಾಖ ಒಳಗೇ ಉಳಿಯುತ್ತದೆ. ನಮ್ಮ ಜ್ವರದ ಮಾತ್ರೆಯನ್ನಂತೂ ಕೊಡಲೇಬೇಡಿ, ನಾಯಿಗೆ ಅದು ವಿಷ.

ಇನ್ನೊಂದು ಮಾತು. ಆಸ್ಪತ್ರೆಯ ಬಾಗಿಲಿಗೆ ಹೋದ ಕೂಡಲೇ ಹೆದರಿಕೆಗೆ ಬಹಳ ನಾಯಿಗಳು ತೇಕುತ್ತವೆ, ಡಾಕ್ಟರಿಗೆ ರೋಗ ಯಾವುದು, ಹೆದರಿಕೆ ಯಾವುದು ತಿಳಿಯುವುದು ಕಷ್ಟ. ತಡೆಯುವಷ್ಟು ಹೊತ್ತಿದ್ದರೆ ಮನೆಯಲ್ಲೇ ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೋ ಮಾಡಿ ಒಯ್ಯಿರಿ. ರಾಜನ ರಕ್ತಪರೀಕ್ಷೆಗೆ ಮೊದಲು ಡಾಕ್ಟರು ಕೇಳಿದ್ದೂ ಅದನ್ನೇ, ರಾತ್ರಿ ಹೇಗೆ ಉಸಿರಾಡುತ್ತಿದ್ದ ಅಂತ.