ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಒಬ್ಬಳೇ ಊರು ನೋಡಿದ ಬಗೆ

ಮಳೆಗಾಲದಲ್ಲಿ ಧಾರವಾಡಕ್ಕೆ ಮೊದಲ ಬಾರಿ ಹೋಗುವವರು ಊರಿನ ನಕ್ಷೆಗಿಂತ ಮುಂಚೆ ಅಲ್ಲಿನ ಮಳೆಯ ಸ್ವಭಾವವನ್ನು ಅರಿತಿರಬೇಕು ಎಂಬುದು ನನ್ನ ಅಭಿಪ್ರಾಯ. ವರ್ಷಕ್ಕೆ 4000 ಮಿ.ಮೀ. ಮೀರಿ ಮಳೆ ಬೀಳುವ ಉಡುಪಿ ಸೀಮೆಯಲ್ಲಿ ಬೆಳೆದವಳಿಗೆ, ಸುಮಾರು 800 ಮಿ.ಮೀ. ಮಳೆಯ ಊರು ಏನು ಮಹಾ ಎನ್ನಿಸುವುದು ಸಹಜ. ಆದರೆ ನಮ್ಮ ಕಡೆಯ ಮಳೆ ಧೋ ಎಂದು ಸುರಿದು ನಡುನಡುವೆ ಹೊಳವಾಗುತ್ತದೆ. ಆ ಹೊಳವಿನಲ್ಲೇ ನಾವು ಪೇಟೆಯ ಕೆಲಸ ಮುಗಿಸಿಕೊಳ್ಳುತ್ತೇವೆ. ಪುಷ್ಯ ಮಳೆಯ ದಿನಗಳಲ್ಲಿ ಧಾರವಾಡದಲ್ಲಿ ಒಮ್ಮೆ ಜಿಟಿಜಿಟಿ ಹಿಡಿಯಿತೆಂದರೆ, ಅದು ಜೋರೂ ಆಗದೆ, ಬಿಡದೆ, ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಹನಿಯುತ್ತಿರುತ್ತದೆ. ಇಂಥ ಮಳೆ ನಿಲ್ಲಲಿ ಎಂದು ಲಾಡ್ಜಿನಲ್ಲಿ ಕಾಯುತ್ತ ಕೂತರೆ ದಿನವೇ ಕಳೆದುಹೋಗುತ್ತದೆ.

ಆದ್ದರಿಂದ ನಾನು ಆ ದಿನವನ್ನು ದೂರದ ಲೆಕ್ಕದಲ್ಲಿ ಹಾಕಿಕೊಳ್ಳದೆ ಸೂರಿನ ಲೆಕ್ಕದಲ್ಲಿ ಹಾಕಿಕೊಂಡೆ. ಎರಡು ತಾಸು ನೆಮ್ಮದಿಯಾಗಿ ನಿಂತು ನೋಡಬಹುದಾದ ಸೂರುಗಳನ್ನು ಮಾತ್ರ ಆರಿಸಿಕೊಂಡು, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಆದಷ್ಟು ಚಿಕ್ಕದಾಗಿಸಿದೆ. ಜುಬಿಲಿ ಸರ್ಕಲ್ಲಿನ ಹತ್ತಿರ ಕೋಣೆ ಹಿಡಿದದ್ದೂ ಇದೇ ಕಾರಣಕ್ಕೆ. ಆಟೋ, ಸಿಟಿ ಬಸ್ಸು, ಹುಬ್ಬಳ್ಳಿಗೆ ಓಡುವ ಚಿಗರಿ ಬಸ್ಸು ಮೂರೂ ಅಲ್ಲಿ ಸಿಗುತ್ತವೆ. ಹೊಸ ಊರಿನಲ್ಲಿ ಒಬ್ಬಳೇ ಇರುವಾಗ ಜನರ ಓಡಾಟವಿರುವ ಕಡೆ ತಂಗುವುದು ಮಳೆಯಿಲ್ಲದ ದಿನವೂ ಒಳ್ಳೆಯದು.

ಮೊದಲು ಹೋದದ್ದು ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿರುವ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ. 1939ರಲ್ಲಿ, ಧಾರವಾಡವಿನ್ನೂ ಮುಂಬೈ ಪ್ರಾಂತದಲ್ಲಿದ್ದಾಗ ಆರಂಭವಾದ ಸಂಸ್ಥೆಯಿದು. ವಿಶ್ವವಿದ್ಯಾಲಯ ಬಂದದ್ದು ಅದರ ನಂತರ. ಛೋಟಾ ಮಹಾಬಳೇಶ್ವರ ಎಂದು ಕರೆಯುವ ಗುಡ್ಡದ ಮೇಲೆ ಹರಡಿಕೊಂಡಿರುವ ಈ ಆವರಣದಲ್ಲಿ ಮರಗಳು ದಟ್ಟವಾಗಿವೆ. ಮಳೆ ಸಣ್ಣದಾದರೂ ಎಲೆಗಳಿಂದ ಬೀಳುವ ದಪ್ಪ ಹನಿ ನೆನೆಸದೆ ಬಿಡುವುದಿಲ್ಲವಾದ್ದರಿಂದ ಆಟೋವನ್ನು ಬಾಗಿಲವರೆಗೂ ಒಯ್ಯಬೇಕು. ಸರ್ಕಾರಿ ರಜಾದಿನಗಳನ್ನು ಬಿಟ್ಟು ಹೋಗುವುದು ಕ್ಷೇಮ.

ಶಾಸನಗಳು, ವೀರಗಲ್ಲುಗಳು, ಮೂರ್ತಿಗಳು ಇಲ್ಲಿ ಬಹಳ ಇವೆ. ಮೋಡ ಕವಿದ ದಿನದ ಬೆಳಕು ಎಲ್ಲ ಕಡೆಯಿಂದಲೂ ಸಮನಾಗಿ ಬೀಳುವುದರಿಂದ ನೆರಳೇ ಮೂಡುವುದಿಲ್ಲ. ನೆರಳಿಲ್ಲದಿದ್ದರೆ ಕಲ್ಲಿನ ಉಬ್ಬುಕೆತ್ತನೆ ಸಪಾಟಾಗಿ ಕಾಣುತ್ತದೆ, ಸವೆದ ಅಕ್ಷರಗಳಂತೂ ಕಾಣುವುದೇ ಇಲ್ಲ. ನಾನು ಅಲ್ಲಿನ ಸಿಬ್ಬಂದಿಯ ಅನುಮತಿ ಕೇಳಿ, ಮೊಬೈಲಿನ ಟಾರ್ಚನ್ನು ಕಲ್ಲಿಗೆ ನೇರವಾಗಿ ಹಿಡಿಯದೆ, ಪಕ್ಕದಿಂದ ಓರೆಯಾಗಿ, ಬಹುತೇಕ ಕಲ್ಲಿಗೆ ತಾಗುವಂತೆ ಹಿಡಿದೆ. ಅದುವರೆಗೆ ಬರಿಯ ಒರಟು ಬಂಡೆಯಂತಿದ್ದ ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಹಿಡಿದ ವೀರನೂ ಅವನ ಹಿಂದೆ ದನಗಳ ಕೊಂಬುಗಳೂ ಎದ್ದು ಬಂದವು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಿದ್ದರು, ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿದ್ದ. ತುರುಗಳನ್ನು ಕಾಯಲು ಹೋಗಿ ಮಡಿದವನ ಕಥೆಯನ್ನು ಕೆಳಗಿನಿಂದ ಮೇಲಕ್ಕೆ ಹೀಗೆ ಓದಿಕೊಳ್ಳಬೇಕು. ಆತುರವಿಲ್ಲದೆ ಒಂದೇ ಕಲ್ಲಿನ ಮುಂದೆ ಅಷ್ಟು ಹೊತ್ತು ನಿಲ್ಲಲು ನನಗೆ ಸಾಧ್ಯವಾದದ್ದು ಹೊರಗೆ ಮಳೆಯಿದ್ದುದರಿಂದಲೇ.

ಮಧ್ಯಾಹ್ನದ ಹೊತ್ತಿಗೆ ಒಂದು ಸಣ್ಣ ಅಂಗಡಿಯಲ್ಲಿ ಗಿರ್ಮಿಟ್ ಮತ್ತು ಮಿರ್ಚಿ ತಿಂದೆ. ಬಾಗಿಲ ಬಳಿ ನಿಂತಿದ್ದ ನನ್ನನ್ನು ಕಂಡು ಅಂಗಡಿಯ ತಾಯಿ, “ಅಕ್ಕಾರ, ಇಲ್ಲೆ ಮಳಿ ಒಳಗ ಹೊಡೀತೈತ್ರಿ, ಹಿಂದಿನ ಬೆಂಚಿಗೆ ಬರ್ರಿ” ಎಂದು ಒಲೆಯ ಹತ್ತಿರದ ಜಾಗ ತೋರಿಸಿದರು. ಉಳ್ಳಾಗಡ್ಡಿ, ಹುಣಸೆರಸ ಹಾಕಿ ಕುದಿಸಿದ ಗೊಜ್ಜನ್ನು ಚುರುಮುರಿಗೆ ಕಲಸಿ, ಪುಟಾಣಿ ಹಿಟ್ಟು ಉದುರಿಸಿ, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ ಹಾಕಿ ಕೊಡುತ್ತಾರೆ. ಮಳೆಯ ಥಂಡಿಗೆ ಚುರುಮುರಿ ಬೇಗ ಮೆತ್ತಗಾಗುತ್ತದೆ. ಹಾಗಾಗಿ ಅವರು ಗಿರಾಕಿ ಕೂತ ಮೇಲೆಯೇ ಡಬ್ಬದ ಮುಚ್ಚಳ ತೆಗೆದು ಕಲಸುತ್ತಿದ್ದರು, ನಾವೂ ತಟ್ಟೆ ಕೈಗೆ ಬಂದೊಡನೆ ತಿನ್ನಬೇಕು. ಕಟ್ಟಿಸಿಕೊಂಡು ಹೋಗುವ ತಿನಿಸು ಅದಲ್ಲ.

ಅಲ್ಲಿಂದ ಸಾಧನಕೇರಿಗೆ ಹೋದೆ. ಕೆರೆಯ ಎದುರಿಗೇ ಬೇಂದ್ರೆಯವರು ಬಾಳಿದ ಮನೆ ‘ಶ್ರೀಮಾತಾ’ ಇದೆ, ಪಕ್ಕದಲ್ಲಿ ಬೇಂದ್ರೆ ಭವನ. 1973ರ ಜ್ಞಾನಪೀಠ ಪಡೆದ ಕವಿಯ ಭಾವಚಿತ್ರಗಳನ್ನು ಭವನದೊಳಗೆ ನೋಡಿ, ಕೆರೆಯ ಕಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತೆ. ಶ್ರಾವಣವನ್ನು ಅವರಷ್ಟು ಬಗೆಯಲ್ಲಿ ಹಾಡಿದವರು ಕನ್ನಡದಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ನಂಬಿದ್ದೇನೆ, ಮತ್ತು ಧಾರವಾಡದ ಮಳೆಯನ್ನು ಒಂದು ದಿನ ಪೂರ್ತಿ ಅನುಭವಿಸದೆ ಆ ಕವಿತೆಗಳ ಲಯ ಕಿವಿಗೆ ಸರಿಯಾಗಿ ಹತ್ತುವುದಿಲ್ಲ ಎಂದು ಆ ದಿನ ಅನ್ನಿಸಿತು.

ಚಿಗರಿ ಬಸ್ಸಿನ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಹುಬ್ಬಳ್ಳಿ ಧಾರವಾಡಗಳ ನಡುವಿನ ಸುಮಾರು 20 ಕಿ.ಮೀ. ದಾರಿಯಲ್ಲಿ ಇದಕ್ಕೆ ರಸ್ತೆಯ ನಡುವೆಯೇ ಪ್ರತ್ಯೇಕ ಪಥ ಮತ್ತು ಸೂರುಳ್ಳ ನಿಲ್ದಾಣಗಳಿವೆ. ಟಿಕೆಟ್ಟನ್ನು ನಿಲ್ದಾಣದಲ್ಲೇ ಪಡೆದು, ಬಸ್ಸಿನ ನೆಲಕ್ಕೆ ಸಮನಾದ ಕಟ್ಟೆಯಿಂದ ಕೆಸರು ತುಳಿಯದೆ ಒಳಗೆ ಹೆಜ್ಜೆಯಿಡಬಹುದು. ನೆನೆಯುವುದು ರಸ್ತೆ ದಾಟಿ ನಿಲ್ದಾಣ ಸೇರುವಾಗ ಮಾತ್ರ. ಕೆಲವು ಬಸ್ಸುಗಳು ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವುದಿಲ್ಲವಾದ್ದರಿಂದ ಹುಬ್ಬಳ್ಳಿಯ ಹತ್ತಿರದ ಉಣಕಲ್ಲಿಗೆ ಹೋಗುವವರು ಹತ್ತುವ ಮುಂಚೆ ಕೇಳಿಕೊಳ್ಳಬೇಕು. ನಾನು ಅಲ್ಲಿ ಇಳಿದು, ಹಳೆಯ ಊರಿನ ಮನೆಗಳ ಮಧ್ಯದಲ್ಲಿರುವ ಚಂದ್ರಮೌಳೇಶ್ವರ ಗುಡಿಗೆ ಆಟೋದಲ್ಲಿ ಹೋದೆ. ಕಲ್ಯಾಣ ಚಾಲುಕ್ಯರ ಕಾಲದ, ನಾಲ್ಕು ದಿಕ್ಕಿಗೂ ಬಾಗಿಲುಗಳಿರುವ ಈ ಗುಡಿಯಲ್ಲಿ ಗಾಳಿ ಯಾವ ಕಡೆಯಿಂದ ಬೀಸಿದರೂ ಕಂಬಗಳ ನಡುವೆ ಒಣಗಿದ ಜಾಗವೊಂದು ಉಳಿದಿರುತ್ತದೆ. ಬಾಗಿಲವಾಡಗಳ ಕುಸುರಿಯನ್ನು ಅಲ್ಲಿಂದ ನಿಧಾನವಾಗಿ ನೋಡಬಹುದು. ಹೊರಗಿನ ಹಾಸುಗಲ್ಲು ಮಾತ್ರ ನೆನೆದಾಗ ತೀರ ಜಾರುತ್ತದೆ. ಪಾದರಕ್ಷೆ ಬಿಟ್ಟ ಮೇಲೆ ಗೋಡೆ ಹಿಡಿದೇ ನಡೆಯಬೇಕು.

ಕತ್ತಲಾಗುವ ಮುಂಚೆ ಧಾರವಾಡಕ್ಕೆ ಮರಳಿ, ಪೇಢೆ ತರುವ ಕೆಲಸವನ್ನು ಮಾರನೆಯ ದಿನಕ್ಕೆ ಇಟ್ಟುಕೊಂಡೆ. ಲೈನ್ ಬಜಾರಿನ ಹೆಸರಾಂತ ಅಂಗಡಿಯಲ್ಲಿ ಸರದಿ ಬೀದಿಗೆ ಬರುವುದುಂಟು, ಕೊಡೆ ಹಿಡಿದೇ ನಿಲ್ಲಬೇಕು. ಪೇಢೆಯ ಮೇಲೆ ಉದುರಿಸಿದ ಸಕ್ಕರೆ ಪುಡಿ ಥಂಡಿಗೆ ಕರಗಿ ಅಂಟುತ್ತದೆ. ಆದ್ದರಿಂದ ಊರಿಗೆ ಒಯ್ಯುವವರು ಗಾಳಿಯಾಡದ ಸ್ಟೀಲ್ ಡಬ್ಬಿಯೊಂದನ್ನು ಮನೆಯಿಂದಲೇ ತಂದಿರಬೇಕು, ಕೊಂಡ ತಕ್ಷಣ ಅಂಗಡಿಯ ಸೂರಿನ ಕೆಳಗೇ ಅದಕ್ಕೆ ತುಂಬಿಕೊಂಡು ಹೊರಡಬೇಕು.