ಮಗನ ಐಕ್ಯೂ ರಿಪೋರ್ಟ್ ನಾನು ಓದಿದ ರೀತಿ

ರಿಪೋರ್ಟ್ ಕೈಗೆ ಬಂದ ತಕ್ಷಣ ಎಲ್ರ ಕಣ್ಣು ಹೋಗೋದು ಟೋಟಲ್ ಐಕ್ಯೂ ಅನ್ನೋ ಆ ಒಂದು ನಂಬರ್‌ಗೆ. ದಯವಿಟ್ಟು ಅದನ್ನ ಕೊನೇಗೆ ನೋಡಿ.

ನನ್ನ ಮಗ ನಾಲ್ಕನೇ ಕ್ಲಾಸು, ಬಾಯಲ್ಲಿ ಕೇಳಿದ್ರೆ ಪಾಠ ಪೂರ್ತಿ ಹೇಳ್ತಾನೆ, ಬರಿ ಅಂದ್ರೆ ಪೆನ್ಸಿಲ್ ಕಚ್ಕೊಂಡು ಕೂತ್ಬಿಡ್ತಾನೆ. ನಾವು ಮಂಡ್ಯದವ್ರು, ಮೊದಲು ಮೈಸೂರಿನ ಮಾನಸಗಂಗೋತ್ರಿಲಿರೋ ಆಯಿಷ್‌ಗೆ (ವಾಕ್ ಶ್ರವಣ ಸಂಸ್ಥೆ) ಹೋಗಿ ಕಿವಿ ಟೆಸ್ಟ್ ಮಾಡ್ಸಿದ್ವಿ, ಕಣ್ಣೂ ತೋರಿಸಿದ್ವಿ, ಯಾಕಂದ್ರೆ ಅದೆರಡು ಸರಿ ಇದೆ ಅಂತ ಖಾತ್ರಿ ಆಗ್ದೆ ಬೇರೆ ಟೆಸ್ಟ್ ಮಾಡ್ಸಿದ್ರೆ ಬಂದ ನಂಬರ್ ನಂಬೋಕಾಗಲ್ಲ. ಆಮೇಲೆ ಸೈಕಾಲಜಿಸ್ಟ್ ಹತ್ರ ಬುದ್ಧಿಶಕ್ತಿಗೆ ಮಾಲಿನ್ ಸ್ಕೇಲು ಅನ್ನೋ ಐಕ್ಯೂ ಟೆಸ್ಟು, ಓದು ಬರಹ ಲೆಕ್ಕಕ್ಕೆ ನಿಮ್ಹಾನ್ಸ್ ಬ್ಯಾಟರಿ ಅನ್ನೋ ಟೆಸ್ಟುಗಳ ಸೆಟ್ಟು ಮಾಡ್ಸಿದ್ವಿ.

ಟೋಟಲ್ 100 ಅಂತ ಬಂತು. ನಮ್ಮತ್ತೆ "ನೂರ್ಕೆ ನೂರ್ ಬಂದದಲ್ಲವ್ವ, ಇನ್ನೇನಂತೆ" ಅಂದ್ರು. ಪಾಪ ಅವರ ತಪ್ಪಿಲ್ಲ, ಸ್ಕೂಲ್ ಮಾರ್ಕ್ಸ್ ನೋಡಿದವರಿಗೆ ಹಾಗೇ ಅನ್ಸೋದು. ಇಲ್ಲಿ 100 ಅಂದ್ರೆ ಅದೇ ವಯಸ್ಸಿನ ಮಕ್ಕಳ ಸರಾಸರಿ, ನೂರರಲ್ಲಿ ಸುಮಾರು 68 ಮಕ್ಕಳು 85ರಿಂದ 115ರ ಒಳಗೇ ಇರ್ತಾರೆ. ಪರ್ಸೆಂಟೈಲ್ ಅಂತ ಇದ್ರೂ ಅಷ್ಟೇ, 21 ಅಂದ್ರೆ 21 ಮಾರ್ಕ್ಸ್ ಅಲ್ಲ, ನೂರು ಮಕ್ಕಳನ್ನ ಸಾಲಾಗಿ ನಿಲ್ಸಿದ್ರೆ ಸುಮಾರು 21 ಜನ ಇವನಿಗಿಂತ ಹಿಂದೆ ಇದಾರೆ ಅಂತ.

ಆದ್ರೆ ಆ 100 ಬಂದಿದ್ದು ಹೇಗೆ ನೋಡಿ. ಮಾತಿನ ಭಾಗದಲ್ಲಿ 88, ಕೈಯಲ್ಲಿ ಮಾಡೋ ಭಾಗದಲ್ಲಿ 112, ಎರಡರ ಸರಾಸರಿ. ಒಂದು ಹಾಳೆ ತಗೊಂಡು ಒಳಗಿನ ಒಂದೊಂದು ಟೆಸ್ಟಿನ ನಂಬರ್ನೂ ದೊಡ್ಡದ್ರಿಂದ ಚಿಕ್ಕದಕ್ಕೆ ಬರ್ಕೊಂಡೆ. ಬಣ್ಣದ ಕ್ಯೂಬ್ ಜೋಡಿಸೋದು 126. ಎರಡು ವಸ್ತುಗೆ ಏನು ಹೋಲಿಕೆ ಅಂತ ಹೇಳೋದು 106. ಬೇಗ ಬೇಗ ಗುರುತು ನೋಡ್ಕೊಂಡು ಬರೆಯೋದು 86, ಬಾಯಿಲೆಕ್ಕ 76, ಹೇಳಿದ ಅಂಕಿಗಳನ್ನ ಹಾಗೇ ಮತ್ತೆ ಹೇಳೋದು, ಹಿಂದಿನಿಂದ ಹೇಳೋದು ಎರಡೂ ಸೇರಿ 70. ಅಂದ್ರೆ ಯೋಚನೆ ಮಾಡೋದ್ರಲ್ಲಿ ತೊಂದ್ರೆ ಇಲ್ಲ, ಕೇಳಿದ್ದನ್ನ ತಲೇಲಿ ಹಿಡ್ಕೊಂಡು ಕೆಲಸ ಮಾಡೋದು, ನೋಡಿ ಬೇಗ ಬರೆಯೋದು ಇವೇ ಕಷ್ಟ. ಇಷ್ಟು ಏರಿಳಿತ ಇರೋವಾಗ ಟೋಟಲ್ ಏನನ್ನೂ ಹೇಳಲ್ಲ ಕಣ್ರೀ, 126ನ್ನೂ ಮುಚ್ಚತ್ತೆ 70ನ್ನೂ ಮುಚ್ಚತ್ತೆ.

ಇನ್ನೊಂದು, ಯಾವ ಭಾಷೇಲಿ ಕೇಳಿದ್ರು ಅಂತ ಕೇಳ್ಲೇಬೇಕು. ಮನೇಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್ ಇರೋ ಮಗುಗೆ ಬರೀ ಇಂಗ್ಲಿಷಲ್ಲಿ ಕೇಳಿದ್ರೆ ಮಾತಿನ ಭಾಗ ಇಳಿಯೋ ಚಾನ್ಸ್ ಜಾಸ್ತಿ, ಅದು ಬುದ್ಧಿ ಕಮ್ಮಿ ಅಂತಲ್ಲ. ನಮ್ಮ ಸೈಕಾಲಜಿಸ್ಟ್ ಮೇಡಂ ಕನ್ನಡದಲ್ಲೇ ಕೇಳಿದ್ರು, ಅದಕ್ಕೇ 70ನ್ನ ನಾನು ನಂಬಿದೆ.

ಆಮೇಲೆ ಪಕ್ಕದಲ್ಲಿ ನಿಮ್ಹಾನ್ಸ್ ರಿಸಲ್ಟ್ ಇಟ್ಕೊಂಡೆ. ಓದೋದು ಎರಡನೇ ಕ್ಲಾಸಿನ ಮಟ್ಟ, ಕನ್ನಡದಲ್ಲೂ ಒತ್ತಕ್ಷರ ಬಂದಲ್ಲೆಲ್ಲ ನಿಂತ್ಬಿಡ್ತಾನೆ, ಆದ್ರೆ ಅದೇ ಪಾಠ ನಾವು ಓದಿ ಹೇಳಿದ್ರೆ ಪ್ರಶ್ನೆಗೆಲ್ಲ ಉತ್ತರ ರೆಡಿ. ಬುದ್ಧಿ ಸರಾಸರಿಗೆ ಕಮ್ಮಿ ಇಲ್ಲ, ಕಿವಿ ಕಣ್ಣು ಸರಿ, ಸ್ಕೂಲಿಗೂ ತಪ್ಪದೆ ಹೋಗ್ತಾನೆ, ಆದ್ರೂ ಓದು ಎರಡು ಕ್ಲಾಸ್ ಹಿಂದೆ. ಮೇಡಂ ಕಲಿಕಾ ನ್ಯೂನತೆ ಅಂತ ಬರೆದಿದ್ದು ಈ ಎಲ್ಲ ಸೇರಿಸಿ ನೋಡಿ, ಒಂದು ನಂಬರಿಂದ ಅಲ್ಲ.

ಸ್ಕೂಲಿಗೆ ಆ ಹಾಳೆ ತಗೊಂಡೇ ಹೋದೆ. ಮಿಸ್ ಹತ್ರ ಐಕ್ಯೂ ಮಾತೇ ಎತ್ತಲಿಲ್ಲ, ಒಂದ್ಸಲಕ್ಕೆ ಒಂದೇ ಕೆಲಸ ಹೇಳಿ, ಬೋರ್ಡಿಂದ ಪೂರ್ತಿ ಬರ್ಸಬೇಡಿ, ಲೆಕ್ಕದ ಪ್ರಶ್ನೆ ಓದಿ ಹೇಳಿ ಅಂತ ಮೂರೇ ಕೇಳ್ಕೊಂಡೆ, ಒಪ್ಕೊಂಡ್ರು. ಮನೇಲಿ ಒತ್ತಕ್ಷರದ ಕಾರ್ಡ್ ಮಾಡ್ಕೊಂಡು ದಿನಾ ಸ್ವಲ್ಪ ಸ್ವಲ್ಪ. ಕಲಿಕಾ ನ್ಯೂನತೆ 2016ರ ವಿಕಲಚೇತನರ ಹಕ್ಕು ಕಾಯ್ದೇಲಿ ಸೇರಿದೆ, ಮುಂದೆ ಎಸ್ಸೆಸ್ಸೆಲ್ಸಿಲಿ ಹೆಚ್ಚು ಟೈಮ್ ಬೇಕಂದ್ರೆ ಸರ್ಟಿಫಿಕೇಟ್ ಕೇಳ್ತಾರೆ, ಹಾಗಾಗಿ ರಿಪೋರ್ಟಿನ ಒರಿಜಿನಲ್ ಯಾರಿಗೂ ಕೊಡ್ಬೇಡಿ, ಸ್ಕೂಲಿಗೆ ಜೆರಾಕ್ಸ್ ಸಾಕು.