ಹಳೇ ಪದ್ಮಿನಿ ಕೊಳ್ಳುವ ಮುಂಚೆ ಮ್ಯಾಟ್ ಎತ್ತಿ ನೋಡಿ

ಪ್ರೀಮಿಯರ್ ಪದ್ಮಿನಿ ಕಾರು ಹುಡುಕುತ್ತಿರುವ ಗೆಳೆಯರೇ, ಎಂಜಿನ್ ಶಬ್ದ ಕೇಳಿ ಮರುಳಾಗಬೇಡಿ. ಆ 1089 ಸಿಸಿ ಎಂಜಿನ್ ಸರಳವಾದದ್ದು, ಬಿಚ್ಚಿ ಸರಿ ಮಾಡಿಸಬಹುದು. ಕಾರಿನ ಬಾಡಿ ತುಕ್ಕು ಹಿಡಿದಿದ್ದರೆ ಮಾತ್ರ ಎಷ್ಟು ದುಡ್ಡು ಸುರಿದರೂ ಸಾಲದು.

ಫ್ರಿಜ್ ಮೇಲಿನ ಮ್ಯಾಗ್ನೆಟ್ ಒಂದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಹೋಗಿ. ಬಾಗಿಲಿನ ಕೆಳಗೆ, ಚಕ್ರದ ಮೇಲಿನ ಅಂಚಿಗೆ ಹಿಡಿಯಿರಿ. ಅಂಟದೆ ಜಾರಿದರೆ ಅಲ್ಲಿರುವುದು ತಗಡಲ್ಲ, ತುಕ್ಕು ಮುಚ್ಚಲು ಮೆತ್ತಿದ ಪುಟ್ಟಿ. ನಾನು ಹೀಗೆ ನೋಡದೆ ತಗೊಂಡೆ. ಮನೆಗೆ ತಂದು ಡ್ರೈವರ್ ಕಡೆಯ ಮ್ಯಾಟ್ ಎತ್ತಿದರೆ ಅಂಗೈಯಗಲ ತೂತು, ಕೆಳಗೆ ನೆಲ ಕಾಣಿಸುತ್ತಿತ್ತು. ತುಂಬಾ ಬೇಜಾರಾಯಿತು.

ತಗೊಂಡ ಮೇಲೆ ಬಣ್ಣ, ಸೀಟು ಆಮೇಲೆ. ಮೊದಲು ಬ್ರೇಕ್. ಚಕ್ರದ ಒಳಗಿನ ಬ್ರೇಕ್ ಡ್ರಮ್ ಬಿಚ್ಚಿಸಿ, ವೀಲ್ ಸಿಲಿಂಡರ್‌ನಿಂದ ಬ್ರೇಕ್ ಆಯಿಲ್ ಸೋರುತ್ತಿದೆಯಾ ನೋಡಿಸಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಎಂಜಿನ್ ಬಿಸಿಯಾಗಬಾರದು ಅಂದರೆ ರೇಡಿಯೇಟರ್ ಕ್ಲೀನ್ ಮಾಡಿಸಲೇಬೇಕು.

ಪೆಟ್ರೋಲ್ ಪೈಪನ್ನು ಜಾಸ್ತಿ ಜನ ಮರೆಯುತ್ತಾರೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಹಳೇ ರಬ್ಬರ್ ಅದಕ್ಕೆ ಉಬ್ಬಿ, ಬಿರುಕು ಬಿಟ್ಟು ಸೋರಬಹುದು. ಬೆಂಕಿಯ ವಿಷಯ ಇದು, ಸುಮ್ನೆ ಮುಂದೂಡಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಎಥನಾಲ್ ತಡೆಯುವ ಹೋಸ್ (ರಬ್ಬರ್ ಪೈಪ್) ಅಂತಲೇ ಕೇಳಿ.

ಆರ್‌ಸಿಯಲ್ಲಿರುವ (ನೋಂದಣಿ ಪತ್ರ) ಚಾಸಿ ನಂಬರ್, ಗಾಡಿಯ ಮೇಲಿನ ನಂಬರ್ ಎರಡೂ ಒಂದೇನಾ ನೋಡಿ. ಗಾಡಿಗೆ 50 ವರ್ಷ ದಾಟಿದ್ದರೆ ವಿಂಟೇಜ್ ನೋಂದಣಿ ಮಾಡಿಸಬಹುದು. ಆದರೆ ಚಾಸಿ, ಬಾಡಿ, ಎಂಜಿನ್ ಮಾರ್ಪಾಡು ಮಾಡಿಸಿದರೆ ಆ ಅವಕಾಶ ತಪ್ಪುತ್ತದೆ. ಬೇರೆ ಎಂಜಿನ್ ಕೂರಿಸುವ ಮುಂಚೆ ಇದನ್ನು ಯೋಚಿಸಿ.